ಮಸ್ಕತ್ತಿಗೆ ಒಯ್ದ ಕಾರ್ಡು

ಅಕ್ಕ ಮಸ್ಕತ್ತಿನ ಒಂದು ಆಸ್ಪತ್ರೆಯಲ್ಲಿ ಹನ್ನೊಂದು ವರ್ಷ ನರ್ಸ್ ಆಗಿದ್ದಳು. ಬೆಟಗೇರಿಯ ನಮ್ಮ ಓಣಿಯಿಂದ ಸಮುದ್ರ ದಾಟಿದ ಮೊದಲ ಹೆಣ್ಣುಮಗಳು ಅವಳೇ. ಫೋನು ಮಾಡಿದಾಗಲೆಲ್ಲ, “ಪಾಸ್‌ಪೋರ್ಟ್ ಮಾಡಿಸಿ ಪೆಟ್ಟಿಗ್ಯಾಗ ಇಟ್ಟೀಯಲ್ಲ, ಒಮ್ಮೆರ ಬಾ” ಅನ್ನುತ್ತಿದ್ದಳು. ನಾನು ಗದಗಿನ ಶಾಲೆಯೊಂದರಲ್ಲಿ ಗಣಿತ ಕಲಿಸುತ್ತೇನೆ. ಪರೀಕ್ಷೆ, ಪೇಪರು ತಿದ್ದುವುದು ಎಂದು ಏನಾದರೊಂದು ನೆಪ ಇದ್ದೇ ಇರುತ್ತಿತ್ತು.

ಕೊನೆಗೆ ಕರೆದವಳು ಅಕ್ಕನಲ್ಲ, ಅವಳ ಜೊತೆ ಕೆಲಸ ಮಾಡುವ ಕೇರಳದ ಗೆಳತಿ. ಅಕ್ಕನಿಗೆ ನ್ಯುಮೋನಿಯಾ ಆಗಿದೆ, ಐಸಿಯುನಲ್ಲಿದ್ದಾಳೆ, ಬೇಗ ಬನ್ನಿ ಎಂದು ಹಿಂದಿಯಲ್ಲಿ ಹೇಳಿದಳು.

ವೀಸಾ ಬರಲು ಮೂರು ದಿನ ಹಿಡಿಯಿತು. ಆ ಮೂರು ದಿನವೂ ಮನೆಯಲ್ಲಿ ನಡೆದ ಮಾತೆಲ್ಲ ರೊಕ್ಕ ಹೇಗೆ ಒಯ್ಯಬೇಕು ಎಂಬುದೇ. ಅಕ್ಕನ ಮಾತೆತ್ತಲು ಹೆದರಿ ಅವ್ವ, ನಾನು ಇಬ್ಬರೂ ಅದನ್ನೇ ಹಿಡಿದುಕೊಂಡಿದ್ದೆವೇನೋ. ಶಾಲೆಯ ಸಹೋದ್ಯೋಗಿಯೊಬ್ಬರು, ನೋಟು ಒಯ್ದರೆ ಕಳ್ಳರ ಭಯ, ಬ್ಯಾಂಕಿನಲ್ಲಿ ಫಾರೆಕ್ಸ್ ಕಾರ್ಡು ಮಾಡಿಸಿ ಅದರಲ್ಲಿ ಆ ದೇಶದ ಹಣ ತುಂಬಿಸಿಕೊಳ್ಳಿ ಎಂದರು. ಹಾಗೇ ಮಾಡಿದೆ. ಬ್ಯಾಂಕಿನ ಹುಡುಗಿ ಕಾರ್ಡು ಕೊಡುತ್ತ, “ಹೋಗೂಕಿಂತ ಮೊದ್ಲ ಫೋನಿನ್ಯಾಗ ಒಮ್ಮೆ ಚಾಲೂ ಮಾಡ್ಕೊಳ್ರಿ ಮೇಡಂ” ಅಂದಿದ್ದಳು. ನಾನು ತಲೆಯಾಡಿಸಿ ಬಂದೆ.

ಹೊರಡುವ ದಿನ ಅವ್ವ ಕರವಸ್ತ್ರದ ಗಂಟೊಂದನ್ನು ಕೈಗಿಟ್ಟಳು. ಮಗ್ಗದ ಮನೆಗಳಿಗೆ ನೂಲು ಸುತ್ತಿಕೊಟ್ಟು ಕೂಡಿಟ್ಟ ಐನೂರರ ನೋಟುಗಳು.

“ಇವನ್ನೂ ಇಟ್ಕೊ.”

“ಅಲ್ಲಿ ನಮ್ಮ ರೊಕ್ಕ ನಡಿಯಂಗಿಲ್ಲಬೇ. ಕಾರ್ಡ್ ಐತಿ.”

“ನಡೀಲಿಲ್ಲಂದ್ರ ವಾಪಸ್ ತಗೊಂಡ್ ಬಾ. ಭಾರ ಏನಾಕ್ಕೈತಿ?”

ಬೇಡವೆಂದು ಅವಳ ಉಡಿಯಲ್ಲೇ ಇಟ್ಟು ಬಂದೆ. ತಿಳಿದವಳು ನಾನು, ತಿಳಿಯದವಳು ಅವಳು ಎಂಬ ಧಿಮಾಕು ಅದರಲ್ಲಿ ಇರಲಿಲ್ಲವೆಂದು ಹೇಳಲಾರೆ.

ಗೋವಾದಿಂದ ಹಾರಿದ ವಿಮಾನ ಬೆಳಿಗ್ಗೆ ಮಸ್ಕತ್ತಿನಲ್ಲಿ ಇಳಿಯಿತು. ಗೆಳತಿ ಡ್ಯೂಟಿಯಲ್ಲಿದ್ದಳು, ಟ್ಯಾಕ್ಸಿ ಹಿಡಿದು ನೇರ ಆಸ್ಪತ್ರೆಗೆ ಬಾ ಎಂದು ಹಿಂದಿನ ದಿನವೇ ಹೇಳಿದ್ದಳು. ಎಟಿಎಂನಲ್ಲಿ ಕಾರ್ಡು ಹಾಕಿದೆ. ರೊಕ್ಕ ಬರಲಿಲ್ಲ. ಇನ್ನೊಂದರಲ್ಲಿ ಹಾಕಿದೆ, ಅಲ್ಲೂ ಇಲ್ಲ. ಚಾಲೂ ಮಾಡಿರಲಿಲ್ಲ ಎಂಬುದು ಆಗ ನೆನಪಾಯಿತು. ನಿಲ್ದಾಣದ ವೈಫೈ ಹಿಡಿದು ಮಾಡಲು ಹೋದರೆ ಓಟಿಪಿ ಬೇಕೆಂದಿತು. ಅದು ಬರಬೇಕಾದದ್ದು ನನ್ನ ಗದಗಿನ ನಂಬರಿಗೆ, ಆ ನಂಬರು ಇಲ್ಲಿ ಸತ್ತು ಕೂತಿತ್ತು. ಗೆಳತಿಗೆ ಕಳಿಸಿದ ಮೆಸೇಜುಗಳನ್ನು ಅವಳು ನೋಡಲಿಲ್ಲ. ಆಸ್ಪತ್ರೆ ಮುಟ್ಟಿದ ಮೇಲೆ ಕೊಡಿಸುತ್ತೇನೆಂದರೆ ಟ್ಯಾಕ್ಸಿಯವರು ಒಪ್ಪಲಿಲ್ಲ.

ಪರ್ಸಿನಲ್ಲಿ ಇನ್ನೂರು ರೂಪಾಯಿ ಉಳಿದಿತ್ತು. ಹಣ ಬದಲಿಸುವ ಕೌಂಟರಿನವನಿಗೆ ತೋರಿಸಿದೆ. ಅವನು ಹಿಂದಿಯಲ್ಲಿ, “ಇಂಡಿಯಾದ ನೋಟು ತಗೋತೀವಿ, ಆದರೆ ಇಷ್ಟರಲ್ಲಿ ಟ್ಯಾಕ್ಸಿ ಬರೋದಿಲ್ಲ” ಎಂದು ಮೆಲ್ಲಗೆ ವಾಪಸು ಸರಿಸಿದ. ತಗೋತೀವಿ ಎಂಬ ಆ ಮಾತು ಕೇಳಿ ಅವ್ವನ ಕರವಸ್ತ್ರದ ಗಂಟು ಕಣ್ಣ ಮುಂದೆ ಬಂತು. ಬೆಂಚಿನ ಮೇಲೆ ಕೂತೆ. ಎಷ್ಟು ಹೊತ್ತು ಕೂತೆನೋ. “ಏನ್ ಮಾಡ್ಲಿ ಯವ್ವಾ” ಎಂದು ಬಾಯಿಂದ ಬಂದಿರಬೇಕು. ಯಾರನ್ನೋ ಕಳಿಸಲು ಬಂದಿದ್ದ ನಡುವಯಸ್ಸಿನವರೊಬ್ಬರು ನಿಂತರು.

“ಅಕ್ಕಾರ, ಯಾವೂರ್ರಿ ನಿಮ್ದು?”

“ಬೆಟಗೇರಿ.”

“ನಂದು ಲಕ್ಷ್ಮೇಶ್ವರರಿ. ಯಾಕ ಅಳಾಕ್ಹತ್ತೀರಿ?”

ಹೇಳಿದೆ. ಅವರು ಇಲ್ಲಿ ಎಸಿ ರಿಪೇರಿ ಮಾಡುವವರು. ಮತ್ತೇನೂ ಕೇಳದೆ ನನ್ನ ಚೀಲ ಎತ್ತಿಕೊಂಡು ತಮ್ಮ ಪಿಕಪ್ಪಿನಲ್ಲಿ ಕೂಡಿಸಿದರು. ಆಸ್ಪತ್ರೆಯ ಬಾಗಿಲಲ್ಲಿ, “ಅಲ್ಲಾ ಒಳ್ಳೇದು ಮಾಡ್ಲಿರಿ. ಹೋಗ್ರಿ, ಜಲ್ದಿ ಹೋಗ್ರಿ” ಅಂದರು. ಅವರ ಫೋನ್ ನಂಬರು ಕೇಳಬೇಕೆಂದೂ ನನಗೆ ಹೊಳೆಯಲಿಲ್ಲ.

ಐಸಿಯು ಮುಂದೆ ಗೆಳತಿ ನನ್ನ ಎರಡೂ ಕೈ ಹಿಡಿದುಕೊಂಡಳು. ಬೆಳಿಗ್ಗೆಯಿಂದ ಅಕ್ಕನಿಗೆ ಉಸಿರು ಸಾಲುತ್ತಿರಲಿಲ್ಲ. ವೆಂಟಿಲೇಟರ್ ಹಾಕುತ್ತೇವೆಂದು ಡಾಕ್ಟರು ಬಂದರೆ, “ನನ್ನ ತಂಗಿ ಇಳಿದಿದ್ದಾಳೆ, ಒಂದು ಮಾತು ಆಡ್ತೀನಿ, ಆಮೇಲೆ ಹಾಕಿ” ಎಂದು ತಡೆಸಿದ್ದಳಂತೆ. ಎರಡು ಸಲ ತಡೆಸಿದ್ದಳು. ಮೂರನೆಯ ಸಲ ತಡೆಸುವ ತ್ರಾಣ ಇರಲಿಲ್ಲ. ಮಷಿನ್ ಹಾಕಿ ಅರ್ಧ ತಾಸಾಗಿತ್ತು.

ನಾನು ನೋಡಿದ್ದು ಬಾಯೊಳಗೆ ನಳಿಗೆ ಹಾಕಿಸಿಕೊಂಡು ಮಲಗಿದ ಅಕ್ಕನನ್ನು. ಕಿವಿ ಕೇಳಬಹುದು, ಮಾತಾಡಿ ಎಂದರು. ಎರಡು ದಿನ ಮಾತಾಡಿದೆ. ಓಣಿಯ ಸುದ್ದಿ, ಮುಳಗುಂದದ ಅತ್ತೆಯ ಮಂಡಿನೋವು, ನನ್ನ ಶಾಲೆಯ ಮಕ್ಕಳ ಕಿಡಿಗೇಡಿತನ, ಎಲ್ಲ ಹೇಳಿದೆ. ಕಾರ್ಡಿನ ವಿಷಯ ಮಾತ್ರ ಹೇಳಲಿಲ್ಲ. ಮೂರನೆಯ ದಿನ ಅಕ್ಕ ಹೋದಳು. ವಾರದ ಮೇಲೆ ಊರಿಗೆ ಕರೆತಂದೆವು.

ಅವ್ವನಿಗೂ ಒಂದು ವರ್ಷ ಹೇಳಿರಲಿಲ್ಲ. ವರ್ಷದ ತಿಥಿ ಮುಗಿದು ಬೀಗರು ನೆಂಟರೆಲ್ಲ ಹೋದ ಮೇಲೆ, ಮಧ್ಯಾಹ್ನ ಪಡಸಾಲೆಯಲ್ಲಿ ಕೂತು ಎಲ್ಲ ಹೇಳಿದೆ. ನೀನು ಕೊಟ್ಟ ನೋಟು ಅಲ್ಲಿ ನಡೆಯುತ್ತಿದ್ದವು ಎಂಬುದನ್ನೂ ಹೇಳಿದೆ. ಅವ್ವ ಬೈಯಲಿಲ್ಲ.

“ನೀ ಜಲ್ದಿ ಮುಟ್ಟಿದ್ರೂ ಆಕಿ ಉಳೀತಿದ್ದಿಲ್ಲ, ಬಿಡು.”

“ಉಳೀತಿದ್ದಿಲ್ಲ ಖರೆ. ಮಾತಾಡ್ತಿದ್ಲು.”

“ಏನಂತಿದ್ಲೋ” ಅಂದಳು ಅವ್ವ.

ಒಂದು ವರ್ಷದಿಂದ ನಾನೂ ಅದನ್ನೇ ಯೋಚಿಸುತ್ತಿದ್ದೆ. ಮನೆಯ ಮಾತೋ, ಅವ್ವನ ಔಷಧದ ಮಾತೋ, ಏನೇನೋ. ಅವ್ವ ಸೆರಗಿನಿಂದ ಮುಖ ಒರೆಸಿಕೊಂಡು ತಾನೇ ಹೇಳಿದಳು: “ಉಂಡಿಯೇನ ಅಂತ ಕೇಳ್ತಿದ್ಲು, ಮತ್ತೇನ್ ಕೇಳ್ತಾಳ.”