ದೊಡ್ಡಮ್ಮನ ಶ್ರುತಿ ಐದೂವರೆ

ನುಸಿಗುಳಿಗೆಯ ವಾಸನೆಗೆ ನಿಮಗೇನು ನೆನಪಾಗುತ್ತದೋ ಗೊತ್ತಿಲ್ಲ. ನನಗಂತೂ ತೊಂಬತ್ತರ ದಶಕದ ಅಹಮದಾಬಾದು, ನವರಂಗಪುರದ ನಮ್ಮ ಬಾಡಿಗೆ ಮನೆ, ಅಮ್ಮನ ಕಪಾಟು. ಅಲ್ಲಿ ಧಾರೆಸೀರೆಯ ಮಡಿಕೆಯೊಳಗೆ ಒಂದೇ ಒಂದು ರೆಕಾರ್ಡು ಮಲಗಿರುತ್ತಿತ್ತು. ಅಮ್ಮನ ಅಕ್ಕ, ನನ್ನ ದೊಡ್ಡಮ್ಮ, ಹಾಡಿದ ಹಸೆಹಾಡು. ಮಗಳು ವಸಂತಿ ಮಾತು ಕಲಿಯುವ ಮೊದಲೇ ದೊಡ್ಡಮ್ಮ ತೀರಿಹೋಗಿದ್ದರು. ಈಗ ವಸಂತಿಯಕ್ಕನಿಗೆ ಉಡುಪಿಯಲ್ಲಿ ಮದುವೆ. ಅವಳನ್ನು ಹಸೆಗೆ ಕರೆಯುವುದು ಹೆತ್ತ ತಾಯಿಯ ದನಿಯೇ ಆಗಬೇಕೆಂದು ಅಮ್ಮ ಪಟ್ಟು ಹಿಡಿದಿದ್ದಳು. ಅದಕ್ಕೆ ಹಾಡನ್ನು ಕ್ಯಾಸೆಟ್ಟಿಗೆ ಇಳಿಸಬೇಕು. ನಮ್ಮ ಹಳೇ ಪ್ಲೇಯರಿನ ಭಾರದ ಮುಳ್ಳೋ ರೆಕಾರ್ಡನ್ನು ಗದ್ದೆಯ ಹಾಗೆ ಉಳುತ್ತಿತ್ತು. ಇನ್ನೊಂದೆರಡು ಸಲ ಹಾಕಿದರೆ ಹಾಡೇ ಉಳಿಯುವುದಿಲ್ಲವೆಂಬ ಹೆದರಿಕೆ ಅಮ್ಮನಿಗೆ.

ಹೊಸ ಪ್ಲೇಯರ್ ನೋಡಲು ಹೊರಟ ದಿನ ಅಮ್ಮ ರೆಕಾರ್ಡಿನ ಜೊತೆಗೆ ಶ್ರುತಿಪೆಟ್ಟಿಗೆಯನ್ನೂ ಎತ್ತಿಕೊಂಡು ಆಟೋ ಹತ್ತಿದಳು. "ಅಂಗಡಿಗೆ ಶ್ರುತಿಪೆಟ್ಟಿಗೆಯಾ ಮಾರಾಯ್ತಿ? ನಗುವುದಿಲ್ವಾ ಜನ?" ಎಂದರು ಬ್ಯಾಂಕಿನಲ್ಲಿದ್ದ ಅಪ್ಪ. "ನಗಲಿ, ಹಲ್ಲು ಅವರದ್ದೇ ಅಲ್ವಾ!" ಎಂದಳು ಅಮ್ಮ. ಅಂಗಡಿಯವನು ದೀಪ ಮಿನುಗುವ ಜಪಾನಿ ಯಂತ್ರ ತೋರಿಸಿ "ಬೆನ್, ಏಕ್‌ದಮ್ ಫಸ್ಟ್ ಕ್ಲಾಸ್!" ಎಂದ; ಗುಜರಾತಿನಲ್ಲಿ ಹೆಂಗಸರೆಲ್ಲ 'ಬೆನ್', ಅಂದರೆ ಸೋದರಿ. ಅಪ್ಪ ಅಲ್ಲೇ ಸೋತರು. ಅಮ್ಮ ಮುಳ್ಳು ಹಗುರವೆಂದು ಖಾತ್ರಿ ಮಾಡಿಕೊಂಡು ಒಂದೇ ಸಾಲು ಹಾಕಿಸಿ, ಗಲ್ಲಾದ ಮೇಲಿಟ್ಟ ಪೆಟ್ಟಿಗೆಯ ತಿದಿ ಒತ್ತಿದಳು. ಅಕ್ಕನ ಶ್ರುತಿ ಐದೂವರೆ. ಇಲ್ಲಿ ತಟ್ಟೆ ಜೋರಾಗಿ ತಿರುಗಿ ಆರಕ್ಕೆ ಏರಿತ್ತು. "ಇದು ಅಕ್ಕ ಅಲ್ಲ, ಯಾರೋ ಬಸ್ಸು ತಪ್ಪುತ್ತದೆ ಅಂತ ಓಡುವ ಹುಡುಗಿ." ಇನ್ನೊಂದರಲ್ಲಿ ದೊಡ್ಡಮ್ಮ ತೂಕಡಿಸಿದರು. ಕೊನೆಗೆ ಮೂಲೆಯಲ್ಲಿದ್ದ, ಕಲ್ಲಿನಷ್ಟು ಭಾರದ, ಅಂದಚಂದವಿಲ್ಲದ ಒಂದು ಯಂತ್ರ ಬಂತು. ಅದಕ್ಕೆ ವೇಗ ಹೊಂದಿಸುವ ತಿರುಗಣೆಯಿತ್ತು. ಅಮ್ಮ ತಾನೇ ತಿರುಗಿಸಿದಳು, ಕೂದಲೆಳೆಯಷ್ಟು, ಮತ್ತೊಂದು ಕೂದಲೆಳೆಯಷ್ಟು. ಪೆಟ್ಟಿಗೆಯ ಸ್ವರವೂ ದೊಡ್ಡಮ್ಮನ ಸ್ವರವೂ ಒಂದಾದವು. "ವಾಹ್ ಬೆನ್, ವಾಹ್!" ಎಂದು ಅಂಗಡಿಯವನೇ ಚಪ್ಪಾಳೆ ತಟ್ಟಿದ. "ನಮ್ಮವಳು!" ಎಂದು ಅಪ್ಪ ಆಟೋದವನಿಗೂ ಹೇಳಿದರು.

ಮರುದಿನ ಮಧ್ಯಾಹ್ನ ಪ್ಲೇಯರಿನಿಂದ ಟೇಪಿಗೆ ವೈರು ಜೋಡಿಸಿದ್ದಾಯಿತು. ಅಮ್ಮ ಸುಡುಸೆಕೆಯಲ್ಲೂ ಫ್ಯಾನು ಆರಿಸಿ, ಕಿಟಕಿ ಮುಚ್ಚಿ, ನನಗೆ ಕೆಮ್ಮಲೂ ಬಿಡಲಿಲ್ಲ. ಅಪ್ಪ ನಕ್ಕರು: "ನೀನು ಡಂಗುರ ಹೊಡೆದರೂ ಅದರಲ್ಲಿ ಬೀಳುವುದಿಲ್ಲ ಮಾರಾಯ್ತಿ. ಹಾಡು ಹೋಗುವುದು ವೈರಿನಲ್ಲಿ." ಹೌದಾ ಎನ್ನುವಂತೆ ಅಮ್ಮ ಒಮ್ಮೆ ನೋಡಿದಳು. ಅಕ್ಕ ಹೋದ ಮೇಲೆ ಬಾಯಿ ತೆರೆದು ಹಾಡದಿದ್ದವಳು, ಹಳೇ ದಿನಗಳಂತೆ ಅಕ್ಕನ ದನಿಗೆ ದನಿ ಸೇರಿಸಿ ಹಾಡತೊಡಗಿದಳು. ಅಬ್ಬಾ, ಏನು ಕಂಠ! ಪಕ್ಕದ ಮನೆಯವರು ಬಾಗಿಲಲ್ಲಿ ಬಂದು ನಿಂತರು. ಸೆಕೆ ಯಾರಿಗೂ ನೆನಪಾಗಲಿಲ್ಲ.

ಉಡುಪಿಯ ಮಂಟಪದಲ್ಲಿ ಆ ಕ್ಯಾಸೆಟ್ ಹಾಕಿದಾಗ ವಾಲಗದವರೂ ವಾದ್ಯ ಕೆಳಗಿಟ್ಟರು. ವಸಂತಿಯಕ್ಕ ಅಳುತ್ತಾ ನಗುತ್ತಾ ತಾಯಿಯ ಹಾಡಿಗೆ ಹಸೆಗೆ ನಡೆದು ಬಂದಳು. ಅಮ್ಮ ಗೆದ್ದವಳಂತೆ ತಲೆಯೆತ್ತಿ ನಿಂತಿದ್ದಳು. ಗೆದ್ದೇ ಇದ್ದಳು.

ವರ್ಷಗಳ ಮೇಲೆ ನನ್ನ ಮದುವೆಯ ಹೊತ್ತಿಗೆ ಅಮ್ಮ ಇರಲಿಲ್ಲ. ವಸಂತಿಯಕ್ಕ ಅದೇ ಕ್ಯಾಸೆಟ್ ತಂದು ಹಾಕಿಸಿದಳು. ಹಸೆಗೆ ನಡೆಯುತ್ತಾ ನಾನು ದೊಡ್ಡಮ್ಮನ ದನಿಯ ಜೊತೆಗೆ ಇನ್ನೊಂದು ದನಿ ಕೇಳೀತೇ ಎಂದು ಕಿವಿಗೊಟ್ಟೆ. ಅಪ್ಪ ಹೇಳಿದ್ದು ನಿಜ; ಅಮ್ಮನ ದನಿ ಅದರಲ್ಲಿ ಬಿದ್ದಿರಲಿಲ್ಲ.