ವರದಿಯಲ್ಲಿ ಇಲ್ಲದ ಹೆಸರು

ದಾವಣಗೆರೆಯಲ್ಲಿ ಇತಿಹಾಸ ವಿಭಾಗದ ಮುಖ್ಯಸ್ಥನಾಗಿ ನನಗೆ ಅದು ಕೊನೆಯ ವರ್ಷ. ವಾರ್ಷಿಕ ವಿಶೇಷ ಉಪನ್ಯಾಸಕ್ಕೆ, ನಾನು ಇಲ್ಲಿಗೆ ಬರುವ ಮೊದಲೇ ನಿವೃತ್ತರಾಗಿದ್ದ ಪ್ರೊಫೆಸರೊಬ್ಬರನ್ನು ಕರೆದೆ. ಸಂಶೋಧನಾ ವಿದ್ಯಾರ್ಥಿನಿಯೊಬ್ಬರ ಪ್ರಬಂಧವನ್ನು ತಮ್ಮ ಪುಸ್ತಕವಾಗಿಸಿಕೊಂಡದ್ದು ವಿಚಾರಣೆಯಲ್ಲಿ ಸಾಬೀತಾಗಿ ಹೆಸರು ಕೆಡಿಸಿಕೊಂಡವರು ಅವರು. ಆದರೂ ಮಾತಿಗೆ ನಿಂತರೆ ಸಭೆ ಮಿಸುಕುತ್ತಿರಲಿಲ್ಲವಂತೆ. ವಿದ್ಯೆಗೆ ಬಹಿಷ್ಕಾರ ಸಲ್ಲದು ಎಂದು ನಾನೇ ವಾದಿಸಿ ಸಹೋದ್ಯೋಗಿಗಳ ಬಾಯಿ ಮುಚ್ಚಿಸಿದ್ದೆ. ವಿಚಾರಣೆಯ ವರದಿಯೂ ಹಾವು ಸಾಯದ, ಕೋಲು ಮುರಿಯದ ಜಾತಿಯದು: ತಪ್ಪು ನಿಜವೆಂದಿತ್ತು, ಶಿಕ್ಷೆ ಹೇಳಿರಲಿಲ್ಲ. ವಿದ್ಯಾರ್ಥಿನಿಯ ಹೆಸರೇ ಅದರಲ್ಲಿರಲಿಲ್ಲ. ಯಾರೆಂದು ನಾನೂ ಕೇಳಲಿಲ್ಲ.

ಅತಿಥಿಯನ್ನು ಅವರ ಹಳೆಯ ಶಿಷ್ಯರೇ ಪರಿಚಯಿಸಿ ಶಾಲು ಹೊದಿಸುವುದು ನಮ್ಮ ವಿಭಾಗದ ಪದ್ಧತಿ. ಶಿಷ್ಯರ ಪಟ್ಟಿ ನೋಡಿದೆ. ಹರಿಹರದ ಕಾಲೇಜಿನಲ್ಲಿ ಪಾಠ ಮಾಡುವ ಗಿರಿಜಾ ಹತ್ತಿರದಲ್ಲೇ ಇದ್ದಾರೆಂದು ಅವರನ್ನು ಕೇಳದೆಯೇ ಆಮಂತ್ರಣದಲ್ಲಿ ಹೆಸರು ಅಚ್ಚು ಹಾಕಿಸಿದೆ.

ಆಮಂತ್ರಣ ಮುಟ್ಟಿದ ದಿನವೇ ಗಿರಿಜಾ ವಿದ್ಯಾನಗರದ ನನ್ನ ಮನೆಗೆ ಬಂದರು. ಕೊಟ್ಟ ನೀರನ್ನೂ ಮುಟ್ಟಲಿಲ್ಲ.

"ಸರ್, ಆ ಪ್ರಬಂಧ ನಂದ್ರಿ. ಮಿಲ್ಲಿನ ಹೆಣ್ಮಕ್ಕಳ ಮನಿ ಮನಿ ತಿರುಗಿ ಬರೆದದ್ದು. ಈಗ ಅವರಿಗೆ ಶಾಲು ಹೊದಿಸಿ, ಆ ಪುಸ್ತಕ ಅವರದು ಅಂತ ನಾನೇ ಓದ್ಬೇಕಾ?"

ನಾಚಿಕೆಯಾಯಿತು. ಉಪನ್ಯಾಸವನ್ನೇ ರದ್ದು ಮಾಡುತ್ತೇನೆ ಎಂದೆ.

"ರದ್ದು ಯಾಕ್ರಿ? ಮಾತಾಡ್ಲಿ, ಹುಡುಗ್ರು ಪ್ರಶ್ನೆ ಕೇಳ್ಲಿ. ಸನ್ಮಾನ ಬ್ಯಾಡ, ಅಷ್ಟೆ."

ಆ ಮಾತು ನ್ಯಾಯವೆನಿಸಿತು. ಪ್ರೊಫೆಸರರಿಗೆ ಫೋನ್ ಮಾಡಿ, ಶಾಲು-ಹಾರ ಇರುವುದಿಲ್ಲ, ತರಗತಿಯಲ್ಲೇ ಮಾತು, ಕೊನೆಗೆ ಪ್ರಶ್ನೋತ್ತರ, ಆ ಪುಸ್ತಕದ ಬಗ್ಗೆಯೂ ಕೇಳಬಹುದು ಎಂದು ತಿಳಿಸಿದೆ.

"ನಾನೇನು ಪರೀಕ್ಷೆ ಬರೆಯಾಕ ಬರ್ಬೇಕೇನ್ರಿ? ಮರ್ಯಾದಿ ಇಲ್ದ ಕಡೆ ನಾ ಬರಲ್ಲ" ಎಂದು ಫೋನ್ ಇಟ್ಟರು.

ವಿದ್ಯೆಯ ಹೆಸರಿನಲ್ಲಿ ನಾನು ಇಷ್ಟು ದಿನ ವಾದಿಸಿದ್ದು ಒಂದು ಶಾಲಿಗಾಗಿ! ನನ್ನ ಮೇಲೆಯೇ ಸಿಟ್ಟು ಬಂತು. ಅತಿಥಿಯನ್ನು ಕರೆಯುವ ಮೊದಲು ಅವರಿಂದ ಪೆಟ್ಟು ತಿಂದವರು ಯಾರೆಂದು ಕೇಳಬೇಕು ಎಂಬ ಪಾಠವನ್ನು ಈ ನೌಕರಿ ನನಗೆ ಕಲಿಸಿದ್ದು ಹೀಗೆ, ತೀರಾ ತಡವಾಗಿ.

ನಾನು ಕೇಳಿಕೊಂಡ ಮೇಲೆ, ಗೊತ್ತುಮಾಡಿದ್ದ ದಿನ ಪ್ರೊಫೆಸರರ ಬದಲು ಗಿರಿಜಾ ಅವರೇ ಉಪನ್ಯಾಸ ಕೊಟ್ಟರು. ಪರಿಚಯಿಸುವ ಕೆಲಸ ನಾನೇ ವಹಿಸಿಕೊಂಡೆ. ಶಾಲಿನ ಮಾತೆತ್ತಿದಾಗ, "ಬ್ಯಾಡ್ರಿ ಸರ್, ಆ ಬರಹ ನಂದು ಅಂತ ಮೈಕಿನಾಗ ಒಂದ್ಸಲ ಹೇಳ್ರಿ, ಸಾಕು" ಎಂದಿದ್ದರು. ಹೇಳಿದೆ.

ಮುಂದಿನ ಸಾಲಿನಲ್ಲಿ ಗಿರಿಜಾ ಅವರ ತಾಯಿ ಕೂತಿದ್ದರು. ಮಿಲ್ಲಿನ ಸದ್ದಿನಲ್ಲಿ ದುಡಿದು ಅವರ ಕಿವಿ ಮಂದವಾಗಿತ್ತು. "ಏನಂದ್ರು?" ಎಂದು ಪಕ್ಕದವರನ್ನು ಕೇಳುತ್ತಿದ್ದರು.

ನಾನು ಮೈಕಿಗೆ ಇನ್ನಷ್ಟು ಹತ್ತಿರ ಬಾಗಿ ಇನ್ನೊಮ್ಮೆ, ಗಟ್ಟಿಯಾಗಿ ಹೇಳಿದೆ.