ಬಾಗಿಲು ತಾನಾಗಿ ಮುಚ್ಚಲಿಲ್ಲ

‘ಬಾಗಿಲು ತಾನಾಗಿಯೇ ಮುಚ್ಚಿಕೊಂಡಿತು.’ ಈ ಒಂದು ವಾಕ್ಯ ಓದಿ ಪುಸ್ತಕವನ್ನು ಗೋಡೆಗೆ ಬೀಸಿ ಒಗೆದೆ. ಮಕ್ಕಳ ಪುಸ್ತಕ, ತೆಳ್ಳಗಿತ್ತು, ಗೋಡೆಗೆ ಏನೂ ಆಗಲಿಲ್ಲ. ನನ್ನ ಸಿಟ್ಟೂ ಇಳಿಯಲಿಲ್ಲ. ಇವತ್ತಿಗೂ ಇಳಿದಿಲ್ಲ.

ಅದು ಒಂದು ಸಿನಿಮಾದ ಕಥೆ; ಆ ಸಿನಿಮಾ ಅಂದರೆ ನನಗೆ ಜೀವ. ನಾವು ಚಿಕ್ಕೋಡಿಯಲ್ಲಿದ್ದಾಗ ಹಿಂದಿಗೆ ಡಬ್ ಆಗಿ ಭಾನುವಾರ ಮಧ್ಯಾಹ್ನ ಟಿವಿಯಲ್ಲಿ ಬರುತ್ತಿತ್ತು. ಬಂದಾಗಲೆಲ್ಲ ನಾನೂ ಅವ್ವನೂ ನೋಡಿದ್ದೇ ನೋಡಿದ್ದು. ಮಕ್ಕಳನ್ನು ತುಂಬಿಕೊಂಡು ಬೇರೆ ಗ್ರಹಕ್ಕೆ ಹೊರಟ ಒಂದು ಆಕಾಶಹಡಗು. ದಾರಿಯಲ್ಲಿ ಅದರ ಹಿಂಭಾಗ ಒಡೆದು ಗಾಳಿ ಸೋರತೊಡಗುತ್ತದೆ. ಮಕ್ಕಳು ಉಳಿಯಬೇಕಾದರೆ ನಡುವಿನ ದಪ್ಪ ಬಾಗಿಲು ಮುಚ್ಚಬೇಕು. ಆದರೆ ಅದರ ಹಿಡಿಕೆ ಇರುವುದು ಆಚೆ, ಸೋರುವ ಕಡೆಗೆ. ಮುಚ್ಚಿದವರು ಅಲ್ಲೇ ಉಳಿಯಬೇಕು. ಕ್ಯಾಪ್ಟನ್ ಬೆವರು ಒರೆಸಿಕೊಳ್ಳುತ್ತ ನಿಂತಿರುವಾಗ ಹಡಗಿನ ಅಡುಗೆಯವಳು, ವಯಸ್ಸಾದ ಹೆಂಗಸು, ಏಪ್ರನ್ನಿಗೆ ಕೈ ಒರೆಸಿಕೊಂಡು ಆಚೆ ಹೋಗಿ ಬಾಗಿಲು ಎಳೆದುಕೊಳ್ಳುತ್ತಾಳೆ. ಭದ್ರವಾಯಿತು ಅನ್ನುವಂತೆ ಅದನ್ನು ಎರಡು ಸಲ ತಟ್ಟುತ್ತಾಳೆ. ಅಷ್ಟೇ ಆಕೆಯ ಪಾತ್ರ.

ಅವ್ವ ಶಾಲೆಯಲ್ಲಿ ಬಿಸಿಯೂಟ ಬೇಯಿಸುತ್ತಿದ್ದಳು. ಆ ದೃಶ್ಯ ಬಂದಾಗ ಮನೆಯಲ್ಲಿ ರೊಟ್ಟಿ ತಟ್ಟುತ್ತಿದ್ದ ಕೈ ನಿಲ್ಲಿಸಿ, “ನೋಡು, ನಮ್ಮಾಕಿ ಬಂದ್ಲು,” ಅನ್ನುತ್ತಿದ್ದಳು. ಒಮ್ಮೆ ಶಾಲೆಗೆ ಹುಳ ಹಿಡಿದ ಬೇಳೆ ಬಂದಾಗ ಅದನ್ನು ಹೆಡ್ಮಾಸ್ತರರ ಮೇಜಿನ ಮೇಲೆ ಸುರುವಿ, “ಮೊದ್ಲ ನೀವ ಉಣ್ರಿ, ಆಮ್ಯಾಲ ಹುಡುಗೂರಿಗೆ ಹಾಕ್ತೀನಿ,” ಅಂದು ಬಂದ ಹೆಣ್ಣುಮಗಳು ಅವಳು. ಯಾರ ಮುಂದೂ ತಲೆ ತಗ್ಗಿಸಿದ್ದನ್ನು ನಾನು ಕಂಡಿರಲಿಲ್ಲ.

ಈಗ ಅವ್ವ ನಿಪ್ಪಾಣಿಯಲ್ಲಿ ನಮ್ಮ ಜೊತೆಗಿದ್ದಾಳೆ. ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿದು ಎದುರಿಗೆ ಕೂತವರ ಮುಖವೂ ಕಾಣುವುದಿಲ್ಲ. ಟಿವಿ ಬಿಟ್ಟಳು, ಕಥೆ ಬಿಡಲಿಲ್ಲ. ಸಂಜೆ ನನ್ನ ಮಗಳ ತಲೆ ಬಾಚುತ್ತ ಅದೇ ಹಡಗಿನ ಕಥೆ ಹೇಳುತ್ತಿದ್ದಳು. ಮಗಳು ಸಿನಿಮಾ ನೋಡಿರಲಿಲ್ಲ. ಅಜ್ಜಿ ಹೇಳಿದ್ದೇ ಅವಳಿಗೆ ಸಿನಿಮಾ. ಅಜ್ಜಿಯ ಕಥೆಯಲ್ಲಿ ಅಡುಗೆಯವಳು ಬಾಗಿಲು ಎಳೆದುಕೊಂಡ ಮೇಲೆ ಆಚೆಯಿಂದ ಮಕ್ಕಳಿಗೆ, “ಅನ್ನ ಮುಚ್ಚಿಟ್ಟೀನಿ, ಆರೂದ್ರಾಗ ಉಣ್ರಿ,” ಅನ್ನುತ್ತಿದ್ದಳು. ಮಗಳು ಅಲ್ಲಿಗೆ ಬಂದಾಗ ತಪ್ಪದೆ ಅಳುತ್ತಿದ್ದಳು, ಮರುದಿನ ಮತ್ತೆ ಅದನ್ನೇ ಹೇಳು ಅಂತ ಗಂಟು ಬೀಳುತ್ತಿದ್ದಳು.

ಹೀಗಿರುವಾಗ ಬಸ್ ಸ್ಟ್ಯಾಂಡಿನ ಅಂಗಡಿಯಲ್ಲಿ ಆ ಪುಸ್ತಕ ಕಣ್ಣಿಗೆ ಬಿತ್ತು. ಅದೇ ಸಿನಿಮಾದ ಕಥೆ, ಮಕ್ಕಳಿಗಾಗಿ, ಮರಾಠಿಯಲ್ಲಿ, ನಡುನಡುವೆ ಸಿನಿಮಾದ ಫೋಟೋಗಳು. ಮಗಳ ಶಾಲೆ ಮರಾಠಿ, ಅವ್ವನಿಗೂ ಕೇಳಿದರೆ ಮರಾಠಿ ತಿಳಿಯುತ್ತದೆ. ಕುಣಿಯುತ್ತ ಮನೆಗೆ ತಂದೆ. ಎಂಥಾ ಹುಚ್ಚಿ ನಾನು!

ಮಗಳು ಜೋರಾಗಿ ಓದತೊಡಗಿದಳು. ಅವ್ವ ಹೊಸ ಸೀರೆ ಉಟ್ಟವರ ಹಾಗೆ ನೆಟ್ಟಗೆ ಕೂತಿದ್ದಳು.

“ಇನ್ನ ಬರ್ಲಿಲ್ಲೇನ ಆಕಿ?”

“ತಡಿ ಅಜ್ಜಿ, ಬರ್ತಾಳ.”

ಹಡಗು ಒಡೆಯಿತು. ಗಾಳಿ ಸೋರಿತು. ಕ್ಯಾಪ್ಟನ್ ಎರಡು ಪುಟ ಭಾಷಣ ಮಾಡಿದ. ಆಮೇಲೆ ಬಾಗಿಲು ತಾನಾಗಿಯೇ ಮುಚ್ಚಿಕೊಂಡಿತು, ಮಕ್ಕಳೆಲ್ಲ ಚಪ್ಪಾಳೆ ತಟ್ಟಿದರು.

“ಹಾಳಿ ಹಾರಿಸಿ ಓದಾಕತ್ತಿ ನೀ. ಹಿಂದ ನೋಡು,” ಅಂದಳು ಅವ್ವ.

ಮಗಳು ಹಿಂದೆ ನೋಡಿದಳು, ಮುಂದೆ ನೋಡಿದಳು, ಮೊದಲಿಂದ ಕೊನೆಯತನಕ ತಿರುವಿ ಹಾಕಿದಳು. “ಇದರಾಗ ಅಡಗಿಯಾಕಿ ಇಲ್ಲs ಇಲ್ಲ. ಅಜ್ಜಿ, ನೀ ಸುಳ್ಳ ಹೇಳಿದಿ!”

ಈ ಮಾತಿಗೆ ಅವ್ವ ಎದ್ದು ಬಡಿಯುತ್ತಾಳೆ ಅಂದುಕೊಂಡೆ. ಅವಳು ಸೆರಗು ಸರಿಮಾಡಿಕೊಂಡು ಮೆಲ್ಲಗೆ, “ಇರಬೇಕ ಬಿಡವ್ವಾ. ವಯಸ್ಸಾತು, ನನಗs ಹುಸಿ ನೆನಪಿರಬೇಕು,” ಅಂದಳು. ಹೆಡ್ಮಾಸ್ತರರಿಗೆ ಬಗ್ಗದವಳು ಅಚ್ಚಾದ ಹಾಳೆಗೆ ಬಗ್ಗಿಬಿಟ್ಟಳು. ಆಗಲೇ ನಾನು ಪುಸ್ತಕ ಕಸಿದುಕೊಂಡು ಆ ವಾಕ್ಯ ನೋಡಿದ್ದು, ಗೋಡೆಗೆ ಒಗೆದದ್ದು.

ಒಗೆದದ್ದನ್ನು ಮತ್ತೆ ಎತ್ತಿಕೊಂಡು ಪೂರ್ತಿ ಓದಿದೆ, ಮೈ ಇನ್ನಷ್ಟು ಉರಿಯಿತು. ಹಡಗಿನ ನಾಯಿ ಇದೆ! ಅದಕ್ಕೆ ಬಾಲ ಇದೆ, ಬಣ್ಣದ ಫೋಟೋ ಇದೆ. ಅಡುಗೆಯವಳಿಗೆ ಮಾತ್ರ ಒಂದು ಸಾಲಿಲ್ಲ. ಪುಸ್ತಕದ ಬೆನ್ನಿಗೆ ‘ಎಳೆಯ ಮನಸ್ಸುಗಳಿಗೆ ಒಪ್ಪುವಂತೆ’ ಅಂತ ಬೇರೆ ಅಚ್ಚು ಹಾಕಿದ್ದಾರೆ. ಯಾವ ಮನಸ್ಸಿಗೆ ಒಪ್ಪಬೇಕಂತೆ? ಬಾಗಿಲು ತಾನಾಗಿ ಮುಚ್ಚುತ್ತದೆ, ಅನ್ನ ತಾನಾಗಿ ಬೇಯುತ್ತದೆ, ಪಾತ್ರೆ ತಾನಾಗಿ ತೊಳೆದುಕೊಳ್ಳುತ್ತದೆ ಅಂತ ಮಕ್ಕಳು ನಂಬಿ ಬೆಳೆಯಬೇಕೇನು?

ಮರುದಿನ ಅಂಗಡಿಯವನ ಮುಂದೆ ಪುಸ್ತಕ ಕುಕ್ಕಿದೆ. ಅಥಣಿ ಬಸ್ಸಿಗೆ ಕಾಯುತ್ತಿದ್ದವರೆಲ್ಲ ತಿರುಗಿ ನೋಡಿದರು.

“ಬಾಯಾರ, ನಾ ಏನ ಬರದೀನ್ರಿ? ಮಾರಾಂವ ನಾ,” ಅಂದ ಅವನು. “ಹುಡುಗೂರು ಅಳಬಾರದಂತ ತಗದಿರಬೇಕು ಬಿಡ್ರಿ.”

“ಯಾಕ ಅಳಬಾರದ್ರಿ? ನಿಮ್ಮ ಮನ್ಯಾಗ ಯಾರೂ ಸತ್ತs ಇಲ್ಲೇನು?”

“ಸಿಟ್ಟಾಗಬ್ಯಾಡ್ರಿ. ಬ್ಯಾರೆ ತಗೋರಿ, ಭೂತದ್ದ ಒಂದ ಐತಿ.”

ಅವನ ಮುಖ ನೋಡಿ ನಗುವೂ ಬಂತು. ಆದರೆ ನಾನು ಭೂತದ ಪುಸ್ತಕ ತರಲಿಲ್ಲ.

ಮನೆಯಲ್ಲಿ ಅದಕ್ಕಿಂತ ಕೆಟ್ಟದ್ದು ನಡೆದಿತ್ತು. ಅವ್ವ ಕಥೆ ನಿಲ್ಲಿಸಿಬಿಟ್ಟಳು. ತಲೆ ಬಾಚುತ್ತಿದ್ದಳು, ಜಡೆ ಹಾಕುತ್ತಿದ್ದಳು, ಬಾಯಿ ಬಿಚ್ಚುತ್ತಿರಲಿಲ್ಲ. ಮಗಳು ಬೇರೆ ಯಾವುದಾದರೂ ಹೇಳು ಅಂದರೆ, “ನನ್ನ ಮಾತಿಗೆ ಏನೈತಿ, ಪುಸ್ತಕದಾಗ ಓದ್ಕೊ,” ಅನ್ನುತ್ತಿದ್ದಳು. ಕಣ್ಣು ಹೋದ ಮೇಲೆ ಅವ್ವನಿಗೆ ಉಳಿದದ್ದು ಮಾತೊಂದೇ. ಅದನ್ನೂ ಯಾವನೋ ಕಣ್ಣಿಲ್ಲದವನು ಒಂದು ವಾಕ್ಯ ಬರೆದು ಕಸಿದುಕೊಂಡಿದ್ದ.

ಭಾನುವಾರ ಫೋನಿನಲ್ಲಿ ಸಿನಿಮಾ ಹುಡುಕಿ ತೆಗೆದೆ. “ಬಾ ಇಲ್ಲಿ, ನಿನ್ನ ಅಜ್ಜಿ ಸುಳ್ಳ ಹೇಳ್ಯಾಳೋ, ಪುಸ್ತಕ ಸುಳ್ಳ ಹೇಳೇತೋ ನೋಡು,” ಅಂತ ಮಗಳನ್ನು ಎಳೆದು ಕೂರಿಸಿದೆ. ಅವ್ವ ದೂರದಲ್ಲಿ ಅವರೆಕಾಯಿ ಸುಲಿಯುತ್ತ, ನನಗೂ ಇದಕ್ಕೂ ಸಂಬಂಧವಿಲ್ಲ ಅನ್ನುವವರ ಹಾಗೆ ಕೂತಿದ್ದಳು.

ಬಾಗಿಲು ಬಂತು. ಬೆವರು ಒರೆಸಿಕೊಳ್ಳುವ ಕ್ಯಾಪ್ಟನ್ ಬಂದ. ಅಡುಗೆಯವಳು ಆಚೆ ಹೋದಳು, ಬಾಗಿಲು ಎಳೆದುಕೊಂಡಳು, ಎರಡು ಸಲ ತಟ್ಟಿದಳು.

“ಬಂದ್ಲು,” ಅಂದಳು ಅವ್ವ, ಆ ಸದ್ದಿಗೆ ಕಾಯಿ ಕೆಳಗಿಟ್ಟು.

ಮಗಳು ನನ್ನ ಕೈಯಿಂದ ಫೋನು ಕಸಿದುಕೊಂಡಳು. ಆ ತುಣುಕನ್ನು ಹಿಂದಕ್ಕೆ ಹಾಕಿ ಮತ್ತೆ ನೋಡಿದಳು. ಬಾಗಿಲಿನ ಗುಂಡು ಗಾಜಿನ ಹಿಂದೆ ಹೆಂಗಸಿನ ಮುಖ ಕಾಣುತ್ತದೆ, ತುಟಿ ಅಲುಗುತ್ತದೆ, ಮಾತು ಕೇಳುವುದಿಲ್ಲ. ಇಷ್ಟು ವರ್ಷ ನೋಡಿಯೂ ನಾನು ಅದನ್ನು ಗಮನಿಸಿರಲಿಲ್ಲ.

ಮಗಳು ಎದ್ದುಹೋಗಿ ಅಜ್ಜಿಯ ಮುಂದೆ ಕೂತಳು. “ಅಜ್ಜಿ, ಆಕಿ ಅದಾಳ. ಖರೇನ ಅದಾಳ. ಆದ್ರ ಅನ್ನದ ಮಾತ ಕೇಳಿಸಲಿಲ್ಲಲ್ಲ?”

ಅವ್ವನಿಗೆ ಸಿಟ್ಟು ಬಂತು. ಎಷ್ಟೋ ದಿನದ ಮೇಲೆ, ಹಳೆಯ ಸಿಟ್ಟು, ಚಿಕ್ಕೋಡಿಯ ಅಡುಗೆಮನೆಯದು.

“ಬಾಗಿಲದಾಚಿ ನಿಂತಾಕಿ ಮಾತು ನಿಮಗೆಲ್ಲಿ ಕೇಳತೈತಿ? ನನಗ ಕೇಳಿತ್ತು,” ಅಂದಳು. ಆಮೇಲೆ ಕೈ ತಡವರಿಸಿ ಬಾಚಣಿಕೆ ಹುಡುಕಿದಳು. “ಹಿಂದ ಹೊಳ್ಳು. ತಲಿ ಬಿಚ್ಚು.”